ಟೇಬಲ್‌ಟಾಪ್ ಆಟದಲ್ಲಿ ಕ್ಲಾಸ್‌ಗಳ ಸಮತೋಲ: ಆಟ ನಡೆಸುವ ಡಿಎಂಗಳಿಗೊಂದು ಮಾರ್ಗದರ್ಶಿ

ಬೆಂಗಳೂರಿನ ಮನೆಗಳಲ್ಲಿ, ಬೋರ್ಡ್ ಗೇಮ್ ಕೆಫೆಗಳಲ್ಲಿ ಶನಿವಾರ, ಭಾನುವಾರ ಸೇರಿ ಡಂಜನ್ಸ್ ಆಂಡ್ ಡ್ರಾಗನ್ಸ್ (ಒಬ್ಬೊಬ್ಬರೂ ಕಥೆಯ ಒಂದು ಪಾತ್ರವಾಗಿ ದಾಳ ಉರುಳಿಸಿ ಆಡುವ ಆಟ; ಪಾತ್ರದ ಬಗೆಗೆ ಕ್ಲಾಸ್ ಎನ್ನುತ್ತಾರೆ) ಆಡುವ ಗುಂಪುಗಳಲ್ಲಿ ಪಾತ್ರಗಳು ಐದನೆಯ ಲೆವೆಲ್ ಮುಟ್ಟುವ ಹೊತ್ತಿಗೆ ಒಂದು ದೂರು ತಲೆ ಎತ್ತುತ್ತದೆ. ವಿಝರ್ಡ್ (ಮಾಂತ್ರಿಕ) ಆಡುವವರ ಕೈಗೆ ಆಗ ಹಲವರನ್ನು ಒಟ್ಟಿಗೆ ಸುಡುವ ಫೈರ್‌ಬಾಲ್ ಮಂತ್ರ ಬಂದಿರುತ್ತದೆ. ಫೈಟರ್ (ಯೋಧ) ಆಡುವವರು ತಮ್ಮ ಸರದಿಗೆ ಕಾದು ಎರಡು ಏಟು ಹೊಡೆಯುವಷ್ಟರಲ್ಲಿ ಕಾಳಗ ಮುಗಿದಿರುತ್ತದೆ. ಕಾಳಗವಿಲ್ಲದ ಹೊತ್ತಿನಲ್ಲಿ ಬಾಗಿಲು ತೆರೆಯುವುದು, ಗೋಡೆ ದಾಟುವುದು, ಕಾವಲುಗಾರನನ್ನು ಒಲಿಸಿಕೊಳ್ಳುವುದು ಎಲ್ಲವೂ ಮಂತ್ರದಿಂದಲೇ ಆಗಿಹೋಗುತ್ತದೆ. ಕೆಲವು ವಾರ ಹೀಗೆಯೇ ನಡೆದರೆ ಆ ಆಟಗಾರರು ತಮ್ಮ ಸರದಿ ಬರುವವರೆಗೂ ಫೋನ್ ನೋಡುತ್ತ ಕೂರುತ್ತಾರೆ, ಆಮೇಲೆ ಬರುವುದನ್ನೇ ಕಡಿಮೆ ಮಾಡುತ್ತಾರೆ. ಒಂದು ಗುಂಪು ಒಡೆಯಲು ಇಷ್ಟು ಸಾಕು, ಆದ್ದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ.

ಈ ಬರಹ ಆಟ ನಡೆಸುವವರಿಗಾಗಿ, ಅಂದರೆ ಡಿಎಂ (ಡಂಜನ್ ಮಾಸ್ಟರ್) ಆದವರಿಗಾಗಿ. ಲೆಕ್ಕಗಳಿಗೆ 2014ರ ಐದನೆಯ ಆವೃತ್ತಿಯ ನಿಯಮಗಳನ್ನು ಆಧಾರವಾಗಿ ಇಟ್ಟುಕೊಂಡಿದ್ದೇನೆ. ಬೇರೆ ಆವೃತ್ತಿ ಆಡುವವರಿಗೆ ಅಂಕಿಗಳು ಬದಲಾದರೂ ದಾರಿ ಇದೇ. ಈ ಆಟದ ಸಮತೋಲವೆಲ್ಲ ಕಥೆಯೊಳಗಿನ ಒಂದು ದಿನ ಉದ್ದವಾಗಿರುತ್ತದೆ, ಅದರಲ್ಲಿ ಹಲವು ಅಡ್ಡಿಗಳು ಬರುತ್ತವೆ ಎಂಬ ಊಹೆಯ ಮೇಲೆ ನಿಂತಿದೆ. ನಾವು ಆಡುವ ರೀತಿ ಆ ಊಹೆಯನ್ನು ಮುರಿಯುತ್ತದೆ. ಆದ್ದರಿಂದ ಫೈರ್‌ಬಾಲಿನ ದಾಳ ಕಡಿಮೆ ಮಾಡುವ, ಫೈಟರ್‌ಗೆ ಹೊಸ ಶಕ್ತಿ ಕೊಡುವ ಯೋಚನೆಗಳನ್ನೆಲ್ಲ ಬದಿಗಿಟ್ಟು, ಮೊದಲು ಆ ದಿನವನ್ನು ಸರಿಪಡಿಸಿಕೊಳ್ಳಬೇಕು.

ಅಸಮತೋಲ ಬಂದ ದಾರಿ

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೊದಲ ಆಟದಲ್ಲಿ ಇದ್ದದ್ದು ಮೂರೇ ಕ್ಲಾಸ್: ಯೋಧ, ಮಾಂತ್ರಿಕ ಮತ್ತು ಕ್ಲೆರಿಕ್ (ದೈವಬಲದ ಪುರೋಹಿತ). ಕಳ್ಳನ ಕ್ಲಾಸ್ 1975ರ ಪೂರಕ ಪುಸ್ತಕದಲ್ಲಿ ಸೇರಿಕೊಂಡಿತು. ಆ ಕಾಲದ ಸಮತೋಲಕ್ಕೆ ಕಾಲವೇ ಸಾಧನವಾಗಿತ್ತು. 1981ರ ಬೇಸಿಕ್ ಆವೃತ್ತಿಯ ಪಟ್ಟಿ ನೋಡಿದರೆ ಎರಡನೆಯ ಲೆವೆಲ್ ಮುಟ್ಟಲು ಕಳ್ಳನಿಗೆ 1,200 ಅನುಭವಾಂಕ ಸಾಕು, ಕ್ಲೆರಿಕ್‌ಗೆ 1,500, ಫೈಟರ್‌ಗೆ 2,000, ಮಾಂತ್ರಿಕನಿಗೆ 2,500 ಬೇಕು, ಕತ್ತಿ ಮಂತ್ರ ಎರಡೂ ಬಲ್ಲ ಎಲ್ಫ್‌ಗೆ 4,000 ಬೇಕು. ಮಾಂತ್ರಿಕ ನಾಲ್ಕು ಮುಖದ ಒಂದು ದಾಳದಷ್ಟು ಹಿಟ್ ಪಾಯಿಂಟ್ (ಜೀವಬಲದ ಅಂಕ) ಇಟ್ಟುಕೊಂಡು, ದಿನಕ್ಕೆ ಒಂದೇ ಮಂತ್ರದೊಡನೆ ಆಟ ಶುರು ಮಾಡಬೇಕಿತ್ತು. ಬದುಕಿ ಮೇಲೆ ಬಂದವನು ಬಲಶಾಲಿಯಾಗುತ್ತಿದ್ದ, ಆದರೆ ಆ ಬಲಕ್ಕೆ ಅವನು ಮೊದಲೇ ಬೆಲೆ ತೆತ್ತಿರುತ್ತಿದ್ದ.

2000ದಲ್ಲಿ ಬಂದ ಮೂರನೆಯ ಆವೃತ್ತಿ ಎಲ್ಲ ಕ್ಲಾಸ್‌ಗಳಿಗೂ ಒಂದೇ ಅನುಭವದ ಪಟ್ಟಿ ಕೊಟ್ಟಿತು. ಹಿಂದೆ ಮಂತ್ರ ಹೇಳುವಾಗ ಏಟು ಬಿದ್ದರೆ ಮಂತ್ರವೇ ಹಾಳಾಗುತ್ತಿತ್ತು; ಈಗ ದಾಳ ಉರುಳಿಸಿ ಅದನ್ನು ಉಳಿಸಿಕೊಳ್ಳುವ ಅವಕಾಶ ಬಂತು. ಲಗಾಮು ಸಡಿಲವಾಯಿತು, ಮಂತ್ರಗಳ ಬಲ ಮಾತ್ರ ಹಾಗೆಯೇ ಉಳಿಯಿತು. 2008ರ ನಾಲ್ಕನೆಯ ಆವೃತ್ತಿ ಇದನ್ನು ಸರಿಪಡಿಸಲು ಎಲ್ಲ ಕ್ಲಾಸ್‌ಗಳನ್ನೂ ಒಂದೇ ಚೌಕಟ್ಟಿಗೆ ತಂದಿತು: ಎಷ್ಟು ಸಲ ಬೇಕಾದರೂ ಬಳಸುವ ಶಕ್ತಿ, ಕಾಳಗಕ್ಕೊಮ್ಮೆ ಬಳಸುವ ಶಕ್ತಿ, ದಿನಕ್ಕೊಮ್ಮೆ ಬಳಸುವ ಶಕ್ತಿ. ಸಮತೋಲದ ಮಟ್ಟಿಗೆ ಅದು ಈ ಆಟದ ಅತ್ಯಂತ ಅಚ್ಚುಕಟ್ಟಾದ ಆವೃತ್ತಿ ಎಂದೇ ನಾನು ಭಾವಿಸುತ್ತೇನೆ, ಆದರೆ ಕ್ಲಾಸ್‌ಗಳೆಲ್ಲ ಒಂದೇ ಬಗೆಯವು ಅನಿಸುತ್ತವೆ ಎಂದು ಹಲವರು ಅದನ್ನು ಒಪ್ಪಲಿಲ್ಲ. 2014ರಲ್ಲಿ ಆಟ ಮತ್ತೆ ಬೇರೆ ಬೇರೆ ಲಯಗಳಿಗೆ ಮರಳಿತು. ಫೈಟರ್ ದಣಿವಿಲ್ಲದೆ ಹೊಡೆಯುತ್ತಾನೆ. ವಿಝರ್ಡ್ ಎಣಿಸಿಟ್ಟ ಮಂತ್ರಗಳನ್ನು ಖರ್ಚು ಮಾಡುತ್ತಾನೆ. ಖರ್ಚು ಮಾಡುವವನ ಕೈ ಯಾವಾಗ ಬರಿದಾಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿತು.

ಮೊದಲ ಹೆಜ್ಜೆ: ಯಾವ ಅಸಮತೋಲ ಎಂದು ಗುರುತಿಸಿ

ಒಂದು ಸೆಷನ್ ಪೂರ್ತಿ ಏನನ್ನೂ ಬದಲಿಸದೆ, ಒಂದು ಹಾಳೆಯಲ್ಲಿ ಟಿಪ್ಪಣಿ ಮಾಡಿಕೊಳ್ಳಿ. ಗುಂಪಿಗೆ ಎದುರಾದ ಪ್ರತಿ ಅಡ್ಡಿಯ ಮುಂದೆ ಅದನ್ನು ಯಾರು ನಿವಾರಿಸಿದರು, ಅದಕ್ಕಾಗಿ ಏನು ಖರ್ಚು ಮಾಡಿದರು, ದಾಳ ಉರುಳಿಸಬೇಕಾಯಿತೆ ಎಂಬ ಮೂರು ವಿಷಯ ಬರೆಯಿರಿ. ಕಾಳಗದಲ್ಲಿ ಫೈಟರ್ ಹೆಸರು ಸಾಕಷ್ಟು ಬಂದಿದ್ದು ಉಳಿದ ಕಡೆ ಬಾರದಿದ್ದರೆ ನಿಮ್ಮ ಸಮಸ್ಯೆ ಕಾಳಗದ್ದಲ್ಲ, ಕೆಳಗಿನ ಮೂರನೆಯ ಮತ್ತು ನಾಲ್ಕನೆಯ ಹೆಜ್ಜೆ ನಿಮಗೆ ಮುಖ್ಯ. ಮುಂದೇನು ಮಾಡೋಣ ಎಂದು ತೀರ್ಮಾನಿಸುವಾಗಲೆಲ್ಲ ಒಂದೇ ದನಿ ಕೇಳಿದರೆ ಅದು ಕ್ಲಾಸಿಗಿಂತ ಆಟಗಾರರ ಸ್ವಭಾವಕ್ಕೆ ಸಂಬಂಧಿಸಿದ್ದು.

ಆಮೇಲೆ ಫೈಟರ್ ಆಡುವವರನ್ನು ಗುಂಪಿನ ಎದುರಲ್ಲದೆ ಬೇರೆಯಾಗಿ ಕೇಳಿ. ಕೆಲವರಿಗೆ ಹೆಚ್ಚು ಲೆಕ್ಕಾಚಾರವಿಲ್ಲದ, ಕತ್ತಿ ಹಿಡಿದು ಮುನ್ನುಗ್ಗುವ ಪಾತ್ರವೇ ಬೇಕಾಗಿರುತ್ತದೆ, ಅವರು ತೃಪ್ತರಾಗಿದ್ದರೆ ನೀವು ಕೈಹಾಕುವ ಅಗತ್ಯವಿಲ್ಲ.

ಇನ್ನೊಂದು ವಿಷಯವನ್ನು ನಮ್ಮ ಗುಂಪುಗಳಲ್ಲಿ ವಿಶೇಷವಾಗಿ ನೋಡಬೇಕು. ದಪ್ಪ ಇಂಗ್ಲಿಷ್ ಪುಸ್ತಕವನ್ನು ಆಸಕ್ತಿಯಿಂದ ಓದಿದವರು ವಿಝರ್ಡ್ ಆರಿಸಿಕೊಳ್ಳುತ್ತಾರೆ, ಹೊಸದಾಗಿ ಬಂದವರಿಗೆ ಸುಲಭವೆಂದು ಫೈಟರ್ ಕೊಡಲಾಗುತ್ತದೆ. ಹೀಗಾಗಿ ಕ್ಲಾಸ್‌ಗಳ ನಡುವಿನ ಅಂತರವೆಂದು ಕಾಣುವುದರಲ್ಲಿ ಒಂದು ಪಾಲು ಓದಿದವರ ಮತ್ತು ಓದದವರ ನಡುವಿನ ಅಂತರವಾಗಿರುತ್ತದೆ. ಇದಕ್ಕೆ ಪರಿಹಾರ ಸುಲಭ. ಐದನೆಯ ಆವೃತ್ತಿಯ ಮೂಲ ನಿಯಮಗಳ ದಾಖಲೆಯನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಲಾಗಿದೆ. ಮೂಲವನ್ನು ಹೆಸರಿಸಿದರೆ ಯಾರು ಬೇಕಾದರೂ ಅದನ್ನು ಕನ್ನಡಕ್ಕೆ ತಂದುಕೊಳ್ಳಬಹುದು. ಪ್ರತಿ ಕ್ಲಾಸಿಗೂ ಕನ್ನಡದಲ್ಲಿ ಒಂದು ಪುಟದ ಹಾಳೆ ಮಾಡಿ, ಅದರ ಕೆಳಗೆ ಎಲ್ಲ ಪಾತ್ರಗಳಿಗೂ ಇರುವ ಕ್ರಿಯೆಗಳನ್ನು ಬರೆಯಿರಿ: ಹಿಡಿದು ನಿಲ್ಲಿಸುವುದು, ತಳ್ಳಿ ಕೆಡವುವುದು, ಜೊತೆಗಾರನಿಗೆ ನೆರವಾಗುವುದು, ತಪ್ಪಿಸಿಕೊಳ್ಳುತ್ತ ನಿಲ್ಲುವುದು, ಅವಕಾಶಕ್ಕೆ ಕಾದು ಹೊಡೆಯುವುದು. ಐದನೆಯ ಲೆವೆಲ್‌ನ ಫೈಟರ್ ತನ್ನ ಎರಡು ಏಟುಗಳಲ್ಲಿ ಮೊದಲನೆಯದರ ಬದಲು ಶತ್ರುವನ್ನು ತಳ್ಳಿ ಕೆಡವಬಹುದು. ಬಿದ್ದವನನ್ನು ಹತ್ತಿರದಿಂದ ಹೊಡೆಯುವವರೆಲ್ಲರಿಗೂ ಎರಡು ದಾಳ ಉರುಳಿಸಿ ದೊಡ್ಡದನ್ನು ಆರಿಸಿಕೊಳ್ಳುವ ಅನುಕೂಲ ಸಿಗುತ್ತದೆ, 100ಕ್ಕೆ 65 ಸಲ ತಾಗುವ ಏಟು 88 ಸಲ ತಾಗುತ್ತದೆ, ಪಕ್ಕದಲ್ಲಿರುವ ರೋಗ್‌ನ (ಹಳೆಯ ಕಳ್ಳನ ಕ್ಲಾಸಿನ ಈಗಿನ ಹೆಸರು) ಮರೆಯೇಟಿಗೂ ದಾರಿಯಾಗುತ್ತದೆ. ಈ ಒಂದು ಸಾಲು ಹಾಳೆಯಲ್ಲಿ ಇದ್ದರೆ ಫೈಟರ್‌ನ ಸರದಿ ಎರಡು ದಾಳ ಉರುಳಿಸಿ ಮುಗಿಸುವ ಕೆಲಸವಾಗಿ ಉಳಿಯುವುದಿಲ್ಲ.

ಎರಡನೆಯ ಹೆಜ್ಜೆ: ಕಥೆಯ ದಿನವನ್ನು ಉದ್ದ ಮಾಡಿ

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಐದನೆಯ ಲೆವೆಲ್‌ನ ಒಬ್ಬ ಫೈಟರ್ ಮತ್ತು ಒಬ್ಬ ವಿಝರ್ಡ್ ಇದ್ದಾರೆ, ಇಬ್ಬರ ಮುಖ್ಯ ಗುಣದ (ಬಲ ಅಥವಾ ಬುದ್ಧಿಯ) ಅಂಕವೂ 18 ಎಂದಿಟ್ಟುಕೊಳ್ಳಿ. ಶತ್ರುವಿನ ರಕ್ಷಣಾಂಕ 15 ಆದರೆ ಇಬ್ಬರ ಏಟೂ 100ಕ್ಕೆ 65 ಸಲ ತಾಗುತ್ತದೆ. ದೊಡ್ಡ ಕತ್ತಿಯ ಒಂದು ಏಟಿನ ಸರಾಸರಿ ಹಾನಿ 11. ಎರಡು ಏಟು ಸೇರಿ, ತಪ್ಪುವುದನ್ನೂ ಲೆಕ್ಕ ಹಿಡಿದರೆ, ಪ್ರತಿ ಸುತ್ತಿನಲ್ಲಿ ಸುಮಾರು 14. ಫೈರ್‌ಬಾಲ್ ಆರು ಮುಖದ 8 ದಾಳ, ಸರಾಸರಿ 28. ಅದು ಮೂವರಿಗೆ ತಾಗಿ, ಇಬ್ಬರು ಪೂರ್ತಿ ಸುಟ್ಟು, ಒಬ್ಬನು ಅರ್ಧ ತಪ್ಪಿಸಿಕೊಂಡರೆ ಒಟ್ಟು ಹಾನಿ 70.

ದಿನಕ್ಕೆ ಮೂರು ಸುತ್ತಿನ ಒಂದೇ ಕಾಳಗ ಇದ್ದರೆ ವಿಝರ್ಡ್ ಮೂರನೆಯ ದರ್ಜೆಯ ತನ್ನ ಎರಡೂ ಸ್ಲಾಟ್‌ಗಳನ್ನು (ಒಂದು ಸ್ಲಾಟ್ ಎಂದರೆ ಒಂದು ಮಂತ್ರ ಹೇಳುವ ಅವಕಾಶ) ಫೈರ್‌ಬಾಲಿಗೆ ಸುರಿದು, ಮೂರನೆಯ ಸುತ್ತಿನಲ್ಲಿ ಖರ್ಚಿಲ್ಲದ ಬೆಂಕಿಯ ಬಾಣ ಬಿಟ್ಟು, ಸುಮಾರು 147 ಹಾನಿ ಮಾಡುತ್ತಾನೆ. ಫೈಟರ್ ಒಂದೇ ಸರದಿಯಲ್ಲಿ ಮತ್ತೊಮ್ಮೆ ಹೊಡೆಯಲು ಬಿಡುವ ತನ್ನ ಆ್ಯಕ್ಷನ್ ಸರ್ಜ್ ಬಳಸಿದರೂ ನಿಲ್ಲುವುದು 57ರ ಹತ್ತಿರ. ಅಂತರ ಎರಡೂವರೆ ಪಟ್ಟು. ಈಗ ಅದೇ ದಿನದಲ್ಲಿ ಆರು ಕಾಳಗ, ನಡುವೆ ಎರಡು ಶಾರ್ಟ್ ರೆಸ್ಟ್ (ಒಂದು ಗಂಟೆಯ ವಿಶ್ರಾಂತಿ) ಇವೆ ಎನ್ನಿ. ಫೈಟರ್ 18 ಸುತ್ತು ಹೊಡೆಯುತ್ತಾನೆ, ಆ್ಯಕ್ಷನ್ ಸರ್ಜ್ ಮೂರು ಸಲ ಸಿಗುತ್ತದೆ, ಒಟ್ಟು ಸುಮಾರು 300. ವಿಝರ್ಡ್‌ಗೆ ಶಾರ್ಟ್ ರೆಸ್ಟಿನಲ್ಲಿ ಮರಳುವ ಒಂದು ಸ್ಲಾಟ್ ಸೇರಿ ಮೂರು ಫೈರ್‌ಬಾಲ್, ಉಳಿದ 15 ಸುತ್ತು ಬೆಂಕಿಯ ಬಾಣ, ಒಟ್ಟು ಸುಮಾರು 317. ಸಣ್ಣ ಸ್ಲಾಟ್‌ಗಳು ಹೆಚ್ಚಾಗಿ ತನ್ನ ಜೀವ ಕಾಯಲು ಹೋಗುತ್ತವೆ. ನಿಯಮದ ಒಂದಕ್ಷರವನ್ನೂ ಮುಟ್ಟದೆ ಎರಡೂವರೆ ಪಟ್ಟಿನ ಅಂತರ ಹೆಚ್ಚುಕಡಿಮೆ ಅಳಿಸಿಹೋಯಿತು. 2014ರ ಡಿಎಂ ಪುಸ್ತಕ ದಿನಕ್ಕೆ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಮುಖಾಮುಖಿಗಳನ್ನು ಲೆಕ್ಕಕ್ಕೆ ಇಟ್ಟುಕೊಂಡದ್ದಕ್ಕೆ ಕಾರಣ ಇದೇ.

ಆದರೆ ನಮ್ಮ ಊರಿನ ಭಾನುವಾರ ಹಾಗಿರುವುದಿಲ್ಲ. ಒಬ್ಬರು ವೈಟ್‌ಫೀಲ್ಡ್‌ನಿಂದ, ಒಬ್ಬರು ಯಲಹಂಕದಿಂದ ಜಯನಗರಕ್ಕೆ ಬಂದು ಸೇರುವಾಗ ನಾಲ್ಕು ಗಂಟೆ ಎಂದದ್ದು ಐದಾಗುತ್ತದೆ, ಮರುದಿನ ಕೆಲಸವಿರುವುದರಿಂದ ರಾತ್ರಿ ಎಂಟಕ್ಕೇ ಆಟದಿಂದ ಏಳಬೇಕಾಗುತ್ತದೆ. ಮೂರು ಗಂಟೆಯಲ್ಲಿ ಹೆಚ್ಚೆಂದರೆ ಒಂದು ಕಾಳಗ, ಒಂದು ಮಾತುಕತೆ. ಸೆಷನ್ ಮುಗಿದಾಗ ಕಥೆಯಲ್ಲೂ ರಾತ್ರಿಯಾಗುತ್ತದೆ, ಎಲ್ಲರೂ ಮಲಗುತ್ತಾರೆ, ಮುಂದಿನ ವಾರ ಎಲ್ಲ ಸ್ಲಾಟ್ ತುಂಬಿಕೊಂಡು ಏಳುತ್ತಾರೆ. ಫೈಟರ್ ಸೋಲುವುದು ಇಲ್ಲಿಯೇ.

ಆದ್ದರಿಂದ ಸೆಷನ್ ಮುಗಿಯುವುದನ್ನೂ ಕಥೆಯ ದಿನ ಮುಗಿಯುವುದನ್ನೂ ಬೇರ್ಪಡಿಸಿ. ಕಥೆಯ ಒಂದು ದಿನವನ್ನು ಎರಡು ಅಥವಾ ಮೂರು ಸೆಷನ್‌ಗಳಿಗೆ ಹರಡಿ. ಏಳುವ ಮುನ್ನ ಪ್ರತಿಯೊಬ್ಬರೂ ಉಳಿದ ಹಿಟ್ ಪಾಯಿಂಟ್, ಸ್ಲಾಟ್, ಬಳಸಿದ ಶಕ್ತಿ, ಕೈಯಲ್ಲಿರುವ ಔಷಧಿ ಇಷ್ಟನ್ನೂ ಒಂದು ಸಣ್ಣ ಚೀಟಿಯಲ್ಲಿ ಬರೆದು, ಅದರ ಫೋಟೋವನ್ನು ಗುಂಪಿನ ವಾಟ್ಸಾಪ್‌ಗೆ ಹಾಕಲಿ. ಮುಂದಿನ ಸಲ ಆಟ ಆ ಚೀಟಿಯಿಂದಲೇ ಶುರುವಾಗಬೇಕು. ಇದನ್ನು ಕಟ್ಟುನಿಟ್ಟಾಗಿ ಪಾಲಿಸದಿದ್ದರೆ ಉಳಿದ ಯಾವ ಹೆಜ್ಜೆಯೂ ಫಲಿಸದು.

ದಿನದ ನಡುವೆ ಮಲಗಿಬಿಡುವುದನ್ನು ತಡೆಯಲು ನನಗೆ ಹೆಚ್ಚು ಹಿಡಿಸಿರುವ ನಿಯಮ ಸ್ಥಳಕ್ಕೆ ಸಂಬಂಧಿಸಿದ್ದು. ಲಾಂಗ್ ರೆಸ್ಟ್, ಅಂದರೆ ಎಲ್ಲ ಸ್ಲಾಟ್ ಮರಳಿಸುವ ರಾತ್ರಿಯ ವಿಶ್ರಾಂತಿ, ಊರಿನಲ್ಲೋ ಛತ್ರದಲ್ಲೋ ಮಠದಲ್ಲೋ ಮಾತ್ರ ಸಿಗುತ್ತದೆ. ದಾರಿಯ ಅರವಟ್ಟಿಗೆಯಲ್ಲಿ, ಮಂಟಪದಲ್ಲಿ, ಆಲದ ನೆರಳಿನಲ್ಲಿ ಸಿಗುವುದು ಶಾರ್ಟ್ ರೆಸ್ಟ್ ಮಾತ್ರ. ಕಾಡಿನಲ್ಲಿ ರಾತ್ರಿ ನಿದ್ರೆ ಮಾಡಿದರೂ ಅದು ಶಾರ್ಟ್ ರೆಸ್ಟ್ ಎಂದೇ ಲೆಕ್ಕ. ನಮ್ಮ ನೆಲದ ಕಥೆ ಹೆಣೆಯುವವರಿಗೆ ಇದು ಸಹಜವಾಗಿ ಒಗ್ಗುತ್ತದೆ, ನಕ್ಷೆ ಬರೆಯುವಾಗಲೇ ಛತ್ರಗಳನ್ನು ಎಲ್ಲಿಡಬೇಕೆಂದು ನೀವು ತೀರ್ಮಾನಿಸಿದರೆ ಸಮತೋಲವೂ ಅಲ್ಲೇ ತೀರ್ಮಾನವಾಗುತ್ತದೆ. 2014ರ ಡಿಎಂ ಪುಸ್ತಕದಲ್ಲೇ ಶಾರ್ಟ್ ರೆಸ್ಟಿಗೆ 8 ಗಂಟೆ, ಲಾಂಗ್ ರೆಸ್ಟಿಗೆ 7 ದಿನ ಎಂಬ ಪರ್ಯಾಯ ನಿಯಮವೂ ಇದೆ. ಪ್ರಯಾಣ, ರಾಜಕಾರಣಗಳೇ ಹೆಚ್ಚಿರುವ ಕಥೆಗೆ ಅದು ಹೊಂದುತ್ತದೆ. ಆದರೆ ಅದನ್ನು ತಂದರೆ 8 ಗಂಟೆ ಬಾಳುವ ರಕ್ಷಾಮಂತ್ರಗಳು ಮೊದಲ ಮುಖಾಮುಖಿಗೇ ಮುಗಿದುಹೋಗುತ್ತವೆ ಎಂಬುದನ್ನು ಆಟಗಾರರಿಗೆ ಮೊದಲೇ ತಿಳಿಸಿ.

ಗಡುವು ಇಡುವುದೂ ಒಳ್ಳೆಯದು. ಮಳೆಗೆ ಕೆರೆಯ ಏರಿ ಜಿನುಗುತ್ತಿದೆ, ನಾಳೆ ಬೆಳಗಿನೊಳಗೆ ತೂಬಿನೊಳಗೆ ಸೇರಿಕೊಂಡಿರುವ ಜೀವಿಯನ್ನು ಓಡಿಸದಿದ್ದರೆ ಕೆಳಗಿನ ಹಳ್ಳಿ ಮುಳುಗುತ್ತದೆ ಎಂದಾಗ ಯಾರೂ ಮಲಗುವ ಮಾತೆತ್ತುವುದಿಲ್ಲ. ದಿನದ ಆರು ಅಡ್ಡಿಗಳೂ ಕಾಳಗವೇ ಆಗಬೇಕಿಲ್ಲ. ಉಕ್ಕುವ ಹಳ್ಳ ದಾಟುವುದು, ಕುಸಿದ ಗೋಡೆಯ ಅಡಿ ಸಿಕ್ಕಿದವರನ್ನು ಎತ್ತುವುದು, ಸುಂಕದ ಕಟ್ಟೆಯಲ್ಲಿ ತಡೆದವರನ್ನು ಒಪ್ಪಿಸುವುದು ಇವೂ ಒಂದು ಸ್ಲಾಟನ್ನೋ ಕೆಲವು ಹಿಟ್ ಪಾಯಿಂಟ್‌ಗಳನ್ನೋ ಬೇಡುವಂತಿದ್ದರೆ ಸಾಕು.

ಶಾರ್ಟ್ ರೆಸ್ಟ್ ಕೊಡುವುದನ್ನು ಮರೆಯಬೇಡಿ. ಐದನೆಯ ಲೆವೆಲ್‌ನ ವಾರ್ಲಾಕ್ ಎಂಬ ಇನ್ನೊಂದು ಬಗೆಯ ಮಾಂತ್ರಿಕನಿಗೆ ಇರುವುದು ಎರಡೇ ಸ್ಲಾಟ್, ಆದರೆ ಅವು ಪ್ರತಿ ಶಾರ್ಟ್ ರೆಸ್ಟಿಗೂ ಮರಳುತ್ತವೆ; ದಿನಕ್ಕೆ ಎರಡು ಶಾರ್ಟ್ ರೆಸ್ಟ್ ಕೊಟ್ಟರೆ ಆರು ಮಂತ್ರ, ಕೊಡದಿದ್ದರೆ ಎರಡೇ. ಬರಿಗೈಯಲ್ಲಿ ಕಾದಾಡುವ ಮಾಂಕ್‌ನ ವಿಶೇಷ ಶಕ್ತಿಗಳಿಗೆ ಬೇಕಾದ ಐದು ಕೀ ಅಂಕಗಳದ್ದೂ ಫೈಟರ್‌ನ ಆ್ಯಕ್ಷನ್ ಸರ್ಜ್‌ನದ್ದೂ ಇದೇ ಲೆಕ್ಕ. ಬಿಲದೊಳಗೆ ಒಂದು ಗಂಟೆ ಕೂರುವುದು ನಂಬಲಾಗದು ಎಂದು ಗುಂಪಿಗೆ ಅನಿಸಿದರೆ ಅದನ್ನು ಹತ್ತು ನಿಮಿಷಕ್ಕೆ ಇಳಿಸಿ, ದಿನಕ್ಕೆ ಎರಡೇ ಎಂದು ಮಿತಿ ಹಾಕಿ.

ಮೂರನೆಯ ಹೆಜ್ಜೆ: ಮಂತ್ರದ ಬೆಲೆಯನ್ನು ವಸೂಲು ಮಾಡಿ, ಕೌಶಲದ ಬೆಲೆಯನ್ನು ಇಳಿಸಿ

ಕಾಳಗದ ಹೊರಗಿನ ಅಸಮತೋಲಕ್ಕೆ ಮೂಲವಾದ ವ್ಯತ್ಯಾಸವೊಂದಿದೆ. ಮಂತ್ರ ಏನು ಮಾಡುತ್ತದೆಂದು ಪುಸ್ತಕವೇ ಹೇಳಿಬಿಡುತ್ತದೆ, ಆಟಗಾರ ಅದನ್ನು ಓದಿ ಹೇಳಿದರೆ ಕೆಲಸ ಆಗುತ್ತದೆ. ಕೌಶಲಕ್ಕೆ ಡಿಎಂ ಒಪ್ಪಬೇಕು, ಗುರಿ ಅಂಕ ಹೇಳಬೇಕು, ದಾಳವೂ ಒಲಿಯಬೇಕು. ಒಬ್ಬನ ಹಕ್ಕು, ಇನ್ನೊಬ್ಬನ ಬೇಡಿಕೆ. ಈ ಅಂತರವನ್ನು ಕಡಿಮೆ ಮಾಡುವುದು ಪೂರ್ತಿಯಾಗಿ ನಿಮ್ಮ ಕೈಯಲ್ಲಿದೆ.

ಒಂದು ಉದಾಹರಣೆ ನೋಡಿ. ರಾತ್ರಿ, ಪೇಟೆಯ ಒಂದು ಉಗ್ರಾಣದ ಬಾಗಿಲಿಗೆ ಬೀಗ ಬಿದ್ದಿದೆ, ಬೀದಿಯ ತುದಿಯಲ್ಲಿ ಕಾವಲುಗಾರರು ಬೆಂಕಿ ಕಾಯಿಸುತ್ತ ಕುಳಿತಿದ್ದಾರೆ. ವಿಝರ್ಡ್ ನಾಕ್ ಮಂತ್ರ ಹೇಳಿದರೆ ಬೀಗ ಖಂಡಿತ ತೆರೆಯುತ್ತದೆ. ಆದರೆ ಆ ಮಂತ್ರದ ವಿವರಣೆಯಲ್ಲೇ 300 ಅಡಿ ದೂರಕ್ಕೆ ಕೇಳಿಸುವ ಬಡಿತದ ಸದ್ದು ಬರುತ್ತದೆ ಎಂದಿದೆ, ಎರಡನೆಯ ದರ್ಜೆಯ ಒಂದು ಸ್ಲಾಟೂ ಹೋಗುತ್ತದೆ. ರೋಗ್ ತನ್ನ ಉಪಕರಣಗಳಿಂದ ತೆರೆದರೆ ಸದ್ದಿಲ್ಲ, ಖರ್ಚಿಲ್ಲ. ಹಲವು ಗುಂಪುಗಳಲ್ಲಿ ಆ ಸದ್ದು ಯಾರಿಗೂ ನೆನಪಾಗುವುದಿಲ್ಲ, ರೋಗ್ ಮಾತ್ರ ದಾಳ ತಪ್ಪಿದಾಗ ಉಪಕರಣ ಮುರಿದುಕೊಳ್ಳುತ್ತಾನೆ. ನೀವು ಆ ಸದ್ದನ್ನು ಕೇಳಿಸಿ. ಕಾವಲುಗಾರರು ಎದ್ದು ಬರಲಿ. ಅದೃಶ್ಯನಾದವನು ಏಟು ಹಾಕಿದರೆ ಅಥವಾ ಇನ್ನೊಂದು ಮಂತ್ರ ಹೇಳಿದರೆ ಅದೃಶ್ಯತೆ ಮುಗಿಯುತ್ತದೆ. ಹಾರುವ ಮಂತ್ರಕ್ಕೆ ಏಕಾಗ್ರತೆ ಬೇಕು, ಹೆಚ್ಚೆಂದರೆ 10 ನಿಮಿಷ ಬಾಳುತ್ತದೆ, ಏಟು ತಿಂದಾಗ 10 ಅಥವಾ ಹಾನಿಯ ಅರ್ಧ, ಯಾವುದು ದೊಡ್ಡದೋ ಆ ಗುರಿಯನ್ನು ದಾಳದಲ್ಲಿ ಮುಟ್ಟದಿದ್ದರೆ ಹಾರುತ್ತಿದ್ದವನು ಕೆಳಗೆ ಬೀಳುತ್ತಾನೆ. ತುಂಬಿದ ಸಭೆಯಲ್ಲಿ ಮಂತ್ರ ಉಚ್ಚರಿಸಿ ಒಬ್ಬನ ಮನಸ್ಸನ್ನು ತಿರುಗಿಸಲು ಹೊರಟರೆ ಉಳಿದವರು ನೋಡುತ್ತಿರುತ್ತಾರೆ. ಇವೆಲ್ಲ ಪುಸ್ತಕದಲ್ಲಿ ಈಗಾಗಲೇ ಇರುವ ಬೆಲೆಗಳು, ಹೊಸ ಶಿಕ್ಷೆಗಳಲ್ಲ, ಹಾಗಾಗಿ ವಿಝರ್ಡ್ ಆಡುವವರೂ ತಕರಾರು ತೆಗೆಯುವುದಿಲ್ಲ.

ಕೌಶಲದ ಕಡೆ ಧಾರಾಳವಾಗಿರಿ. ಕೋಟೆಗೋಡೆ ಹತ್ತಲು ಬುಡದಲ್ಲೊಮ್ಮೆ, ನಡುವಿನಲ್ಲೊಮ್ಮೆ, ತುದಿಯಲ್ಲೊಮ್ಮೆ ದಾಳ ಹಾಕಿಸಬೇಡಿ. ಒಂದು ಸಲಕ್ಕೆ 100ಕ್ಕೆ 65 ಇರುವ ಗೆಲುವಿನ ಸಾಧ್ಯತೆ ಮೂರು ಸಲ ಹಾಕಿಸಿದರೆ 27ಕ್ಕೆ ಇಳಿಯುತ್ತದೆ, ಹಾರುವ ಮಂತ್ರಕ್ಕಾದರೋ ಒಂದೂ ದಾಳ ಬೇಕಿಲ್ಲ. ಒಂದು ಕೆಲಸಕ್ಕೆ ಒಂದೇ ದಾಳ, ಗೆದ್ದರೆ ಏನಾಗುತ್ತದೆ ಸೋತರೆ ಏನಾಗುತ್ತದೆ ಎಂಬುದನ್ನು ಉರುಳಿಸುವ ಮುನ್ನವೇ ಹೇಳಿ. ಆ ಪಾತ್ರ ಅದರಲ್ಲಿ ನುರಿತದ್ದಾಗಿದ್ದು, ಅವಸರವೂ ಇಲ್ಲದಿದ್ದರೆ ದಾಳವನ್ನೇ ಕೇಳಬೇಡಿ. ಮಾಜಿ ಸೈನಿಕನಾದ ಫೈಟರ್ ದಂಡಿನ ಬಿಡಾರವನ್ನು ನೋಡಿದೊಡನೆ ಎಷ್ಟು ಜನರಿದ್ದಾರೆ, ಕಾವಲು ಯಾವಾಗ ಬದಲಾಗುತ್ತದೆ, ಯಾವ ಮೂಲೆ ದುರ್ಬಲ ಎಂಬುದನ್ನು ನೀವೇ ಹೇಳಿಬಿಡಿ. ಮಾಹಿತಿಗಾಗಿ ಗುಂಪು ಅವನತ್ತ ತಿರುಗುವಂತಾಗಬೇಕು.

ನಾಲ್ಕನೆಯ ಹೆಜ್ಜೆ: ಫೈಟರ್‌ಗೆ ನೆಲ ಕೊಡಿ

ಸಮತೋಲಕ್ಕಾಗಿ ಮಾಯಾವಸ್ತು ಕೊಡುವಾಗ ಹೆಚ್ಚಿನ ಡಿಎಂಗಳು ಒಂದಂಕ ಹೆಚ್ಚಿರುವ ಕತ್ತಿಯನ್ನು ಕೊಡುತ್ತಾರೆ. ಅದರಿಂದ ಏಟು ತಾಗುವುದು 65ರಿಂದ 70ಕ್ಕೆ ಏರುತ್ತದೆ, ಸುತ್ತಿನ ಹಾನಿ 14ರಿಂದ ಸುಮಾರು 17 ಆಗುತ್ತದೆ. ಸಂತೋಷವೇ, ಆದರೆ ಫೈಟರ್ ನಿನ್ನೆ ಮಾಡಲಾಗದಿದ್ದ ಯಾವ ಕೆಲಸವನ್ನೂ ಇಂದು ಮಾಡಲಾರ. ಬದಲಿಗೆ ಹೊಸ ದಾರಿ ತೆರೆಯುವ ವಸ್ತು ಕೊಡಿ: ಎಸೆದ ಕಡೆ ಗಟ್ಟಿಯಾಗಿ ಹಿಡಿದುಕೊಳ್ಳುವ ಹಗ್ಗ, ನೀರಿನ ಮೇಲೆ ನಡೆಸುವ ಪಾದರಕ್ಷೆ, ಊದಿದರೆ ಮೈಲಿಗಟ್ಟಲೆ ಕೇಳಿಸುವ ಕೊಂಬು.

ಅದಕ್ಕಿಂತ ಒಳ್ಳೆಯ ಉಪಾಯವನ್ನು ಹಳೆಯ ಆಟವೇ ಹೇಳಿಕೊಟ್ಟಿತ್ತು. 1978ರ ಅಡ್ವಾನ್ಸ್ಡ್ ಆವೃತ್ತಿಯಲ್ಲಿ ಒಂಬತ್ತನೆಯ ಲೆವೆಲ್ ಮುಟ್ಟಿದ ಫೈಟರ್ ಕೋಟೆ ಕಟ್ಟಿ, ಸುತ್ತಲ ನೆಲ ಹಿಡಿದು, ಕಂದಾಯ ಎತ್ತಬಹುದಿತ್ತು. ಅವನ ಬಳಿಗೆ ಆಯುಧಪಾಣಿಗಳು ತಾವಾಗಿ ಬಂದು ಸೇರುತ್ತಿದ್ದರು. ವಿಝರ್ಡ್ ದೊಡ್ಡ ಮಂತ್ರಗಳನ್ನು ಪಡೆಯುವ ಹೊತ್ತಿಗೆ ಫೈಟರ್ ಜನಬಲ ಪಡೆಯುತ್ತಿದ್ದ. ನಂತರದ ಆವೃತ್ತಿಗಳಲ್ಲಿ ಇದು ಕ್ಲಾಸಿನ ನಿಯಮದಿಂದ ಬಿದ್ದುಹೋಯಿತು, ಫೈಟರ್ ಕಳೆದುಕೊಂಡದ್ದರಲ್ಲಿ ಅತಿ ದೊಡ್ಡದು ಇದೇ ಎಂದು ನಾನು ದೃಢವಾಗಿ ನಂಬುತ್ತೇನೆ.

ಬೆಂಗಳೂರಿನಲ್ಲಿ ಕುಳಿತು ಆಡುವವರಿಗೆ ಇದನ್ನು ಮರಳಿ ತರಲು ಬೇರೆ ನಾಡಿನ ಕೋಟೆಗಳ ಹಂಗು ಬೇಕಿಲ್ಲ. ವಿಜಯನಗರದ ಅಧೀನದಲ್ಲಿದ್ದ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಮಣ್ಣಿನ ಕೋಟೆ ಕಟ್ಟಿಸಿ, ಕಸುಬಿಗೊಂದರಂತೆ ಪೇಟೆಗಳನ್ನು ನೆಲೆಗೊಳಿಸಿದರು. ಇಂದಿನ ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಧರ್ಮಾಂಬುಧಿ ಕೆರೆ ಇತ್ತು. ಒಬ್ಬ ಯೋಧ ಊರು ಕಟ್ಟುವುದೆಂದರೆ ಏನೇನು ಬೇಕು ಎಂಬುದಕ್ಕೆ ಅಕ್ಕಿಪೇಟೆ, ಬಳೆಪೇಟೆ, ಕುಂಬಾರಪೇಟೆಗಳ ಹೆಸರೇ ಒಂದು ಪಟ್ಟಿ. ನಿಮ್ಮ ಕಥೆಯ ರಾಯರು ಏಳನೆಯ ಅಥವಾ ಎಂಟನೆಯ ಲೆವೆಲ್‌ನ ಹೊತ್ತಿಗೆ ಫೈಟರ್‌ಗೆ ಒಂದು ಪಾಳುಬಿದ್ದ ಗಡಿಯ ಹೋಬಳಿಯನ್ನು ಉಂಬಳಿಯಾಗಿ ಕೊಡಲಿ. ಅದರೊಡನೆ 20 ಜನ ಕಾಲಾಳು, ಒಂದು ಮುದ್ರೆ, ಸುಂಕ ಎತ್ತುವ ಹಕ್ಕು, ವರ್ಷಕ್ಕಿಷ್ಟು ಕಪ್ಪ ಒಪ್ಪಿಸುವ ಹೊಣೆ ಬರಲಿ. ಮೊದಲು ಏನು ಕಟ್ಟಬೇಕು, ಕೋಟೆಯೋ ಕೆರೆಯೋ, ಎಂಬ ಪ್ರಶ್ನೆಗೆ ಉತ್ತರಿಸುವ ಅಧಿಕಾರ ಆ ಆಟಗಾರರದ್ದು ಮಾತ್ರ. ಅಲ್ಲಿಂದ ಮುಂದೆ ವಿಝರ್ಡ್ ಬಾಗಿಲು ತೆರೆಯಬಲ್ಲ, ಆದರೆ ನೆರೆಯ ಪಾಳೆಯಗಾರ ಮಾತಿಗೆ ಕರೆಯುವುದು ಫೈಟರ್‌ನನ್ನು. ನಿರಾಶ್ರಿತರು ಬಂದು ನಿಲ್ಲುವುದು ಅವನ ಬಾಗಿಲಿನಲ್ಲಿ. ಕಥೆಯ ದಿಕ್ಕು ತಿರುಗಿಸುವ ಕೀಲಿ ಅವನ ಕೈಗೆ ಬರುತ್ತದೆ.

ಸಾವಧಾನವಾಗಿ ಮಾಡಿ. ಪ್ರತಿ ಸೆಷನ್ನಿನಲ್ಲಿ ಈ ಹೋಬಳಿಗೆ ಕಾಲು ಗಂಟೆ ಮೀಸಲಿಟ್ಟರೆ ಸಾಕು, ಉಳಿದವರಿಗೂ ಅಲ್ಲಿ ಕೆಲಸ ಇರಲಿ. ರೋಗ್‌ಗೆ ಪೇಟೆಯ ಒಳಸುದ್ದಿ, ಕ್ಲೆರಿಕ್‌ಗೆ ಗುಡಿ, ವಿಝರ್ಡ್‌ಗೆ ಗ್ರಂಥಗಳಿರುವ ಮಠ.

ಐದನೆಯ ಹೆಜ್ಜೆ: ಕಾಳಗದ ಅಂಗಳವನ್ನು ಯೋಚಿಸಿ ಬಿಡಿಸಿ

ಫೈರ್‌ಬಾಲಿನ ತ್ರಿಜ್ಯ 20 ಅಡಿ. ಶತ್ರುಗಳು 40 ಅಡಿಗಿಂತ ಹೆಚ್ಚು ಅಂತರದಲ್ಲಿ ಎರಡು ಗುಂಪಾಗಿ ನಿಂತರೆ ಅಥವಾ ಎರಡನೆಯ ಗುಂಪು ಮೂರನೆಯ ಸುತ್ತಿಗೆ ಬಂದರೆ ಒಂದು ಮಂತ್ರದಿಂದ ಕೆಲಸ ಮುಗಿಯುವುದಿಲ್ಲ. ಕಿರಿದಾದ ದಿಡ್ಡಿಬಾಗಿಲು, ಮೆಟ್ಟಿಲು, ಸೇತುವೆ ಇದ್ದರೆ ಫೈಟರ್ ಅಲ್ಲಿ ನಿಂತು ತಡೆಯುವುದಕ್ಕೆ ಅರ್ಥ ಬರುತ್ತದೆ. ಬುದ್ಧಿಯಿರುವ ಶತ್ರು ಮಾಂತ್ರಿಕನತ್ತ ನುಗ್ಗಲಿ, ಅವನನ್ನು ಕಾಯಲು ಜೊತೆಗಾರರು ಬೇಕಾಗಲಿ. ಆದರೆ ಮೂರರಲ್ಲಿ ಒಂದು ಕಾಳಗದಲ್ಲಾದರೂ ಶತ್ರುಗಳು ಗುಂಪಾಗಿ ನಿಂತು ಫೈರ್‌ಬಾಲಿಗೆ ಸಿಗಲೇಬೇಕು. ಆ ಮಂತ್ರಕ್ಕಾಗಿ ಐದು ಲೆವೆಲ್ ಕಾದವರ ಆನಂದವನ್ನು ಕಿತ್ತುಕೊಳ್ಳುವ ಹಕ್ಕು ನಮಗಿಲ್ಲ. ಮಂತ್ರ ನಡೆಯದ ಕೋಣೆಗಳನ್ನು, ಬೆಂಕಿ ತಾಗದ ಶತ್ರುಗಳನ್ನು ಸಾಲುಸಾಲಾಗಿ ಇಡುವುದು ಸಮತೋಲವಾಗದು, ಒಬ್ಬ ಆಟಗಾರರನ್ನು ಗುರಿಮಾಡಿ ದಂಡಿಸಿದಂತಾಗುತ್ತದೆ.

ಕೊನೆಗೆ ಮಾತ್ರ ನಿಯಮಕ್ಕೆ ಕೈ ಹಚ್ಚಿ

ಇಷ್ಟಾದ ಮೇಲೂ ಅಂತರ ಉಳಿದಿದ್ದರೆ ಮನೆನಿಯಮ ತನ್ನಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಸೆಷನ್ನಿನ ನಡುವೆ ಬೇಡ. ಗುಂಪಿಗೆ ಮೊದಲೇ ತಿಳಿಸಿ, ತಿಂಗಳೊಪ್ಪತ್ತು ಆಡಿ ನೋಡಿ, ಹೊಂದದಿದ್ದರೆ ಹಿಂತೆಗೆದುಕೊಳ್ಳಿ. ಬಲಶಾಲಿಯನ್ನು ಇಳಿಸುವುದಕ್ಕಿಂತ ಹಿಂದುಳಿದವನನ್ನು ಏರಿಸುವುದು ಯಾವಾಗಲೂ ಮೇಲು, ಏಕೆಂದರೆ ಕೊಟ್ಟದ್ದನ್ನು ಕಿತ್ತುಕೊಂಡರೆ ಗುಂಪಿನಲ್ಲಿ ಕಹಿ ಉಳಿಯುತ್ತದೆ. 2024ರ ಪರಿಷ್ಕೃತ ಪುಸ್ತಕದಲ್ಲಿ ಯೋಧರಿಗೆ ಪ್ರತಿ ಆಯುಧಕ್ಕೂ ಒಂದು ವಿಶೇಷ ಪರಿಣಾಮ ಬರುವಂತೆ ಮಾಡಲಾಗಿದೆ. ಹಳೆಯ ನಿಯಮ ಆಡುವವರೂ ಅದಷ್ಟನ್ನು ಎರವಲು ತಂದುಕೊಳ್ಳಬಹುದು.

ಅಸಮತೋಲವನ್ನೇ ಒಪ್ಪಿಕೊಂಡ ಆಟಗಳೂ ಇವೆ. 1987ರ ಆರ್ಸ್ ಮ್ಯಾಜಿಕಾದಲ್ಲಿ ಮಾಂತ್ರಿಕರು ಉಳಿದವರಿಗಿಂತ ಎಷ್ಟೋ ಬಲಶಾಲಿಗಳು, ಆದರೆ ಒಬ್ಬೊಬ್ಬ ಆಟಗಾರರಿಗೂ ಮಾಂತ್ರಿಕ, ಒಡನಾಡಿ, ಆಳು ಎಂಬ ಬೇರೆ ಬೇರೆ ಪಾತ್ರಗಳಿದ್ದು, ಕಥೆಯಿಂದ ಕಥೆಗೆ ಸರದಿ ಬದಲಾಗುತ್ತದೆ. ನಿಮ್ಮ ಗುಂಪಿಗೆ ಮಂತ್ರದ ವೈಭವವೇ ಮುಖ್ಯವಾಗಿದ್ದರೆ ಈ ವ್ಯವಸ್ಥೆಯನ್ನು ನೋಡಿ.

ಮೇಲಿನ ಲೆವೆಲ್‌ಗಳ ವಿಷಯವನ್ನು ಮಾತ್ರ ಮುಂಚಿತವಾಗಿ ತೀರ್ಮಾನಿಸಿಕೊಳ್ಳಬೇಕು. ಹನ್ನೊಂದನೆಯ ಲೆವೆಲ್‌ನಲ್ಲಿ ರೋಗ್‌ಗೆ ತಾನು ನುರಿತ ಕೆಲಸದಲ್ಲಿ 9 ಅಥವಾ ಅದಕ್ಕಿಂತ ಕಡಿಮೆ ಬಿದ್ದ ದಾಳವನ್ನು 10 ಎಂದು ಹಿಡಿಯುವ ಶಕ್ತಿ ಬರುತ್ತದೆ, ಫೈಟರ್‌ಗೆ ಮೂರನೆಯ ಏಟು ಬರುತ್ತದೆ, ಅಷ್ಟರಮಟ್ಟಿಗೆ ಅವರೂ ಬೆಳೆಯುತ್ತಾರೆ. ಆದರೆ ಹದಿಮೂರರಲ್ಲಿ ವಿಝರ್ಡ್ ಇಡೀ ಗುಂಪನ್ನು ಕ್ಷಣದಲ್ಲಿ ಬೇರೊಂದು ಊರಿಗೆ ಸಾಗಿಸಬಲ್ಲ, ಆಗ ಛತ್ರ, ಅರವಟ್ಟಿಗೆ, ದಾರಿ, ಗಡುವು ಯಾವುದೂ ಮೊದಲಿನಂತೆ ಕೆಲಸ ಮಾಡುವುದಿಲ್ಲ. ಹತ್ತನೆಯ ಲೆವೆಲ್ ಮುಟ್ಟಿದಾಗ ಗುಂಪನ್ನು ಕೂರಿಸಿಕೊಂಡು, ಕಥೆಯನ್ನು ಹನ್ನೆರಡರೊಳಗೆ ಮುಗಿಸೋಣವೇ ಅಥವಾ ಮುಂದುವರಿಸೋಣವೇ ಎಂದು ಕೇಳಿ. ಮುಂದುವರಿಸುವುದಾದರೆ ಫೈಟರ್‌ನ ಹೋಬಳಿಯನ್ನು ಹದಿಮೂರನೆಯ ಲೆವೆಲ್ ಬರುವುದರೊಳಗೆ ಒಂದು ನಾಡಾಗಿ ಬೆಳೆಸಿ, ದಂಡು, ದೂತರು, ಒಪ್ಪಂದಗಳನ್ನು ಅವನ ಕ್ಯಾರೆಕ್ಟರ್ ಶೀಟಿನಲ್ಲೇ ಬರೆಸಿಬಿಡಿ.